ಹಕಾರ ಬಿಟ್ಟ ಹೆಡ್

ನನಗಾದ ಅವಮಾನಗಳನ್ನು ನಾನು ಮರೆಯುವುದಿಲ್ಲ. ಇದೊಂದು ದೋಷವೆಂದು ಕೆಲವರು ಹೇಳಿದ್ದಾರೆ. ಯಾರು ಹೇಳಿದರು, ಎಲ್ಲಿ ಕುಳಿತು ಹೇಳಿದರು, ಆಗ ಅವರ ಕೈಯಲ್ಲಿದ್ದದ್ದು ಕಾಫಿಯೋ ಚಹಾವೋ ಎಂಬುದೂ ನನಗೆ ನೆನಪಿದೆ. ಮೂವತ್ತನಾಲ್ಕು ವರ್ಷ ಹಾಸನದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಎಲೆಯ ಅಂಚು ಗರಗಸದಂತಿದೆಯೋ ನುಣುಪಾಗಿದೆಯೋ ಎಂದು ನೋಡಿ ಗಿಡವನ್ನು ಗುರುತಿಸುವುದು ನನ್ನ ಕಸುಬಾಗಿತ್ತು. ಅದೇ ಕಣ್ಣಿಗೆ ಮನುಷ್ಯರ ಮಾತಿನ ಅಂಚು ಕಾಣದೆ ಹೋಗಲಿ ಎಂದರೆ ಹೇಗೆ?

ಮೊದಲನೆಯದನ್ನು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅಲ್ಲಿಂದ ಹುಟ್ಟಿದ್ದು. ಕಟ್ಟಾಯದ ಬೇಸಾಯದ ಮನೆಯಿಂದ ಪದವಿ ಓದಲು ಮೈಸೂರಿಗೆ ಹೋದಾಗ ನನಗೆ ಹದಿನೇಳು ವರ್ಷ. ಮೊದಲ ದಿನ ಅಧ್ಯಾಪಕರೊಬ್ಬರು ಪ್ರತಿಯೊಬ್ಬರನ್ನೂ ಎಬ್ಬಿಸಿ ಊರು ಕೇಳಿದರು. ನಾನು ಎದ್ದು ನಿಂತು, "ಆಸನ, ಸಾ" ಎಂದೆ. ನಮ್ಮ ಕಡೆ ಪದದ ಮೊದಲಿನ ಹಕಾರ ಬಾಯಿಗೆ ಬರುವುದಿಲ್ಲ. ಹಾಲು ಆಲಾಗುತ್ತದೆ, ಹೊಳೆ ಒಳೆಯಾಗುತ್ತದೆ, ಹಾಸನ ಆಸನವಾಗುತ್ತದೆ.

"ಯಾವ ಆಸನ?" ಎಂದರು ಅವರು. "ಪದ್ಮಾಸನವೋ, ವಜ್ರಾಸನವೋ?"

ತರಗತಿಯಿಡೀ ನಕ್ಕಿತು. ಎರಡನೆಯ ಸಾಲಿನಲ್ಲಿದ್ದ ಹಸಿರು ರಿಬ್ಬನ್ನಿನ ಹುಡುಗಿ ಎಲ್ಲರೂ ನಗು ನಿಲ್ಲಿಸಿದ ಮೇಲೂ ನಗುತ್ತಿದ್ದಳು. ಆ ವರ್ಷವೆಲ್ಲ ನಾನು ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಅದರ ಸದ್ದಿನ ಮರೆಯಲ್ಲಿ ಹಾಲು, ಹಗ್ಗ, ಹೊಳೆ, ಹಾಸನ ಎಂದು ಅಭ್ಯಾಸ ಮಾಡಿದೆ. ಬೇಸಿಗೆ ರಜೆಯಲ್ಲಿ ಮನೆಗೆ ಬಂದು "ಅವ್ವ, ಹಾಲು ಕೊಡು" ಎಂದಾಗ ಅವ್ವ ನನ್ನ ಗಲ್ಲ ಹಿಡಿದೆತ್ತಿ, "ಯಾಕವ್ವಾ, ಗಂಟ್ಲಲ್ಲಿ ಏನಾರ ಸಿಕ್ಕಾಕ್ಕಂಡದಾ?" ಎಂದು ಬಾಯೊಳಗೆ ಇಣುಕಿ ನೋಡಿದಳು. ಅಂದಿನಿಂದ ಇಂದಿನವರೆಗೆ ನನ್ನ ಬಾಯಲ್ಲಿ ಒಂದು ಹಕಾರವೂ ತಪ್ಪಿಲ್ಲ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಾನು ನಿವೃತ್ತಳಾದ ಕೆಲವು ವರ್ಷಗಳ ಮೇಲೆ ದೊಡ್ಡ ನಗರದ ಸಂಶೋಧನಾ ಸಂಸ್ಥೆಯೊಂದು ಸಣ್ಣ ಊರುಗಳಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ತರಬೇತಿ ನಡೆಸಲು ಮುಂದೆ ಬಂತು. ಜೀವಿಗಳ ಡಿಎನ್‌ಎಯನ್ನು ಅಕ್ಷರಗಳ ಸಾಲಾಗಿ ಬರೆದಿಟ್ಟು, ಆ ಸಾಲುಗಳನ್ನು ಕಂಪ್ಯೂಟರಿನಲ್ಲಿ ಓದುವ, ಹೋಲಿಸುವ ವಿದ್ಯೆ ಅದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಕಡೆಯ ಕಾಲೇಜುಗಳಿಗೆ ಸೇರಿ ಹನ್ನೆರಡು ಲ್ಯಾಪ್‌ಟಾಪ್ ಬಂದವು. ಅವನ್ನು ಊರಿಂದೂರಿಗೆ ಒಯ್ಯಲು ನಾನು ಒಣಗಿದ ಗಿಡಗಳ ಹಾಳೆಗಳನ್ನು ಇಡುತ್ತಿದ್ದ ನನ್ನ ಎರಡು ತಗಡಿನ ಟ್ರಂಕುಗಳನ್ನು ಕೊಟ್ಟೆ. ಇಂದಿಗೂ ಆ ಲ್ಯಾಪ್‌ಟಾಪುಗಳಿಗೆ ನುಸಿಗುಳಿಗೆಯ ವಾಸನೆ ಇದೆ.

ಆಲೂಗಡ್ಡೆಯ ಊರಿಗೆ ಈ ವಿದ್ಯೆ ಏಕೆ ಎಂದು ಕೇಳಿದವರಿದ್ದಾರೆ. ಆಲೂಗಡ್ಡೆಯ ಊರಾದ್ದರಿಂದಲೇ! ಮೋಡ ಕವಿದ ವಾರದಲ್ಲಿ ಅಂಗಮಾರಿ ರೋಗ ಬಂದರೆ ನಿನ್ನೆ ಹಸಿರಾಗಿದ್ದ ಹೊಲ ನಾಳಿದ್ದಿಗೆ ಸುಟ್ಟ ಹಾಗೆ ಕಾಣುತ್ತದೆ. ಆ ರೋಗಾಣು ರೂಪ ಬದಲಿಸುತ್ತಲೇ ಇರುತ್ತದೆ. ಅದರ ಅಕ್ಷರಮಾಲೆಯನ್ನು ಜಗತ್ತಿನವರು ಬಿಡಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಓದಲು ಬರುವವರು ಯಾರು ಬೇಕಾದರೂ ಓದಬಹುದು. ದೊಡ್ಡ ಪ್ರಯೋಗಾಲಯ ಕಟ್ಟುವುದು ನಮ್ಮಿಂದಾಗದು, ಓದುವುದು ಆಗುತ್ತದೆ. ಇದು ನನ್ನ ವಾದ. ಇದಕ್ಕೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಸಂಸ್ಥೆಯಿಂದ ಪಾಠ ಮಾಡಲು ಬರುತ್ತಿದ್ದವರು ಮೂವತ್ತೈದರ ಆಸುಪಾಸಿನ ತಜ್ಞರೊಬ್ಬರು. ಮೊದಲ ದಿನ ಹಾಸನದ ಕೊಠಡಿಗೆ ಕಾಲಿಟ್ಟವರೇ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿ, "ಅಜ್ಜಿಗೆ ಒಂದು ಕುರ್ಚಿ ಕೊಡ್ರಪ್ಪಾ" ಎಂದರು. ಯಾವುದೋ ವಿದ್ಯಾರ್ಥಿಯ ಅಜ್ಜಿ ಎಂದು ತಿಳಿದಿರಬೇಕು. ಆ ತರಬೇತಿಯ ಸ್ಥಳೀಯ ಸಂಚಾಲಕಿ ನಾನು ಎಂದು ಗೊತ್ತಾದ ಮೇಲೆ 'ಅಜ್ಜಿ' 'ಆಂಟಿ'ಯಾಯಿತು. ಅಂದು ಮಂಗಳವಾರ, ತಿಂಡಿಗೆ ತಂದಿದ್ದ ಉಪ್ಪಿಟ್ಟು ತಣ್ಣಗಾಗಿತ್ತು.

ಚನ್ನರಾಯಪಟ್ಟಣದಲ್ಲಿ ಅವರು ತರಗತಿಯನ್ನು ಸಂಜೆ ಐದರವರೆಗೆ ಇಟ್ಟರು. ನುಗ್ಗೇಹಳ್ಳಿಯ ಬಸ್ಸು ಹೊರಡುವುದು ಮೂರೂ ಮುಕ್ಕಾಲಿಗೆ, ಅದು ತಪ್ಪಿದರೆ ಇನ್ನೊಂದಕ್ಕೆ ಕತ್ತಲಾಗುತ್ತದೆ. ಮೂರೂವರೆಗೆ ಐವರು ಹೆಣ್ಣುಮಕ್ಕಳು ಸದ್ದಿಲ್ಲದೆ ಚೀಲ ತೆಗೆದುಕೊಂಡು ಎದ್ದು ಹೋದರು. ವರದಿಯಲ್ಲಿ ತಜ್ಞರು ಬರೆದದ್ದು: ಆಸಕ್ತಿಯ ಕೊರತೆ. ನಾನು ನಿಲ್ದಾಣಕ್ಕೆ ಹೋಗಿ, ಬಸ್ಸುಗಳ ವೇಳೆಯನ್ನು ಕೈಯಾರೆ ಬರೆದುಕೊಂಡು, ಎರಡು ಪುಟದ ಉತ್ತರದ ಜೊತೆ ಲಗತ್ತಿಸಿ ಕಳಿಸಿದೆ. ತಲುಪಿತು ಎಂಬ ಒಂದು ಸಾಲೂ ಬರಲಿಲ್ಲ.

ಆ ತರಬೇತಿಯಲ್ಲಿ ಕಲಿತವರ ಪೈಕಿ ನನ್ನ ಗಮನ ಸೆಳೆದವಳು ಅರಕಲಗೂಡಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಒಬ್ಬಳು. ಮಲ್ಲಿಪಟ್ಟಣದ ಕಡೆಯವಳು, ಮೂವತ್ತು ದಾಟಿದವಳು. ಅವರಿಗಿದ್ದದ್ದು ಒಂದು ತುಂಡು ಹೊಲ. ಅಪ್ಪ ಉಳಿದ ದಿನ ಬೇರೆಯವರ ಹೊಲಗಳಲ್ಲಿ ಆಲೂಗಡ್ಡೆ ಅಗೆದು ಮಗಳನ್ನು ಎಂ.ಎಸ್ಸಿ. ಓದಿಸಿದವರು. ಅವರ ಮನೆಗೆ ನಾನು ಹೋಗಿದ್ದೇನೆ. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಇವಳ ಪದವಿ ಪತ್ರ. ಎರಡನೆಯ ದಿನವೇ ಅವಳು ಕೇಳಿದ ಪ್ರಶ್ನೆ ಹೀಗಿತ್ತು: "ಮೇಡಂ, ಈ ಅಕ್ಸರದ ಸಾಲೆಲ್ಲ ಯಾವೂರ ಗಡ್ಡೆ ರೋಗದ್ದು? ನಮ್ಮಟ್ಟಿ ಕಡೇದು ಒಂದಾದ್ರೂ ಅದಾ?"

ನಮ್ಮ ಬಳಿ ಇದ್ದ ಸಾಲುಗಳಲ್ಲಿ ನಮ್ಮ ಹಟ್ಟಿಗಳ ಕಡೆಯದು ಒಂದೂ ಇರಲಿಲ್ಲ. ತಜ್ಞರು "ಒಳ್ಳೆಯ ಪ್ರಶ್ನೆ" ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದರು. ನನ್ನ ಮಟ್ಟಿಗೆ ಆ ತರಬೇತಿ ಆ ಪ್ರಶ್ನೆಯಿಂದಲೇ ಶುರುವಾಯಿತು.

ಸಂಸ್ಥೆಯದೊಂದು ನಿಯಮವಿತ್ತು. ಎರಡು ವರ್ಷ ಮುಗಿಯುವಷ್ಟರಲ್ಲಿ ಊರಿನವರೇ ಒಬ್ಬರು ಬೋಧಕರಾಗಿ ಮಾನ್ಯತೆ ಪಡೆಯಬೇಕು. ಅದಕ್ಕಾಗಿ ತಜ್ಞರ ಎದುರು ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. ಯಾರೂ ಆಗದಿದ್ದರೆ ಲ್ಯಾಪ್‌ಟಾಪುಗಳು ನಗರಕ್ಕೆ ವಾಪಸು, ನಾಲ್ಕೂ ಊರುಗಳಲ್ಲಿ ತರಬೇತಿ ಬಂದ್. ನಿಯಮ ಸರಿಯಾದದ್ದೇ, ಹೊರಗಿನವರನ್ನು ಎಷ್ಟು ದಿನ ಕಾಯುವುದು? ಹಾಗೆ ಮುಂದೆ ಬಂದವಳು ಇವಳೊಬ್ಬಳೇ. ಇವಳು ಗೆದ್ದರೆ ಟ್ರಂಕಿನ ಲ್ಯಾಪ್‌ಟಾಪುಗಳು ಇಲ್ಲೇ ಉಳಿಯುತ್ತವೆ, ಸೋತರೆ ಹೋಗುತ್ತವೆ. ಇಷ್ಟು ಸರಳವಾಗಿತ್ತು ಸಂಗತಿ.

ಪರೀಕ್ಷೆ ನಡೆದದ್ದು ಹೊಳೆನರಸೀಪುರದಲ್ಲಿ. ಅವಳು ಆರಿಸಿಕೊಂಡ ಪಾಠ ಅತಿ ಸರಳವಾದದ್ದು. ಅಕ್ಷರಮಾಲೆಯ ಫೈಲುಗಳು ಸಾವಿರಾರು ಸಾಲು ಉದ್ದ. ಪೂರ್ತಿ ತೆರೆದು ನೋಡಲಾಗದು. 'ಹೆಡ್' ಎಂದು ಬರೆದು ಫೈಲಿನ ಹೆಸರು ಕೊಟ್ಟರೆ ಯಂತ್ರ ಮೊದಲ ಹತ್ತು ಸಾಲು ತೋರಿಸುತ್ತದೆ, 'ಟೇಲ್' ಎಂದರೆ ಕೊನೆಯ ಹತ್ತು. ಪಾಠ ಶುರುವಾದ ಐದನೇ ನಿಮಿಷಕ್ಕೆ ಕರೆಂಟು ಹೋಯಿತು. ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ಉಳಿದವು, ಗೋಡೆಯ ಮೇಲಿನ ಚಿತ್ರ ಆರಿತು. ಅವಳು ಅಳುಕದೆ ಬಾಯಲ್ಲೇ ಹೇಳತೊಡಗಿದಳು.

"ಎಲ್ರೂ ಎಡ್ ಅಂತ ಟೈಪ್ ಮಾಡಿ. ಒಸಿ ಜಾಗ ಬುಟ್ಟು ಫೈಲ್ ಎಸ್ರು ಬರೀರಿ. ಬರುದ್ರಾ? ಈಗ ಎಂಟರ್ ಒಡೀರಿ."

ಹನ್ನೆರಡು ಜನ ಬೆರಳಿಟ್ಟು ಬರೆದರು. ಕಿವಿಗೆ ಬಿದ್ದದ್ದು ಎಡ್. ಬರೆದದ್ದು ಇ, ಡಿ. ಹನ್ನೆರಡೂ ತೆರೆಗಳ ಮೇಲೆ ಒಂದು ದೊಡ್ಡ ಸಂಖ್ಯೆ ಮೂಡಿ, ಅದರ ಕೆಳಗೆ ಬರೀ ಕತ್ತಲು.

"ಮಿಸ್, ಏನೋ ನಂಬ್ರ ಬಂತು!"

"ನಂದ್ರಲ್ಲೂ ಬಂತು. ಲಾಟ್ರಿ ಒಡೀತೇನೋ ನೋಡು."

"ಸಾಲು ಬರ್ಬೇಕಲ್ವಾ ಮಿಸ್?"

ಒಬ್ಬಳು ಮತ್ತೊಮ್ಮೆ ಬರೆದಳು. ಯಂತ್ರ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿತು. ಇನ್ನೇನೋ ಬರೆದಳು, ಇನ್ನೊಂದು ಪ್ರಶ್ನಾರ್ಥಕ. "ಮಿಸ್ಸೇ, ಇದು ನಮ್ಮುನ್ನೇ ಪ್ರಶ್ನೆ ಕೇಳ್ತಾ ಅದೆ!" ಎಂದು ಹಿಂದಿನಿಂದ ಒಬ್ಬಳು ಕೂಗಿದಾಗ ಎಲ್ಲರೂ ನಕ್ಕರು. ಪಾಠ ಮಾಡುತ್ತಿದ್ದವಳು ಮಾತ್ರ ಬೆವರುತ್ತಿದ್ದಳು.

ತಜ್ಞರು ಎದ್ದು ಬಂದು ಒಂದು ಲ್ಯಾಪ್‌ಟಾಪಿನ ಮೇಲೆ ಬಾಗಿದರು. "ಏನಮ್ಮಾ, ಹೆಡ್ ಎಲ್ಲಿ? ಹೆಡ್ಡನ್ನು ಮನೇಲಿ ಬಿಟ್ಟು ಬಂದ್ರಾ?" ಎಂದರು. ತಾವೇ ಏನೇನೋ ಒತ್ತಿದರು. ಪ್ರಶ್ನಾರ್ಥಕ. ಮತ್ತೆ ಒತ್ತಿದರು. ಪ್ರಶ್ನಾರ್ಥಕ. ಕೊನೆಗೆ ಸಾಲಾಗಿ ಹನ್ನೆರಡೂ ಯಂತ್ರಗಳ ಗುಂಡಿ ಅದುಮಿ ಆರಿಸಿದರು. ಆಮೇಲೆ ಅವಳ ಕಡೆ ತಿರುಗಿ, "ಮೊದಲು ಹಕಾರ ಕಲಿತುಕೊಳ್ಳಿ. ಜೀನೋಮ್ ಎಲ್ಲಿಗೂ ಓಡಿಹೋಗೋದಿಲ್ಲ" ಎಂದರು.

ನಾನು ಸುಮ್ಮನಿರಲಿಲ್ಲ. "ಕರೆಂಟು ಹೋದದ್ದು ಆಕೆಯ ತಪ್ಪಲ್ಲ" ಎಂದೆ.

"ಕರೆಂಟ್ ಇಲ್ಲದಿದ್ರೂ ಹ ಅನ್ನಬಹುದಲ್ಲ ಆಂಟಿ?" ಎಂದರು ಆತ, ನಗುತ್ತಲೇ.

ಮೂರು ತಿಂಗಳ ಬಳಿಕ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಅವಕಾಶ ಕೊಡುವುದಾಗಿ ಬರೆದುಕೊಟ್ಟು ಹೋದರು. ಅದು ಕೊನೆಯದು ಎಂದೂ ಬರೆದಿದ್ದರು.

ಬಸ್‌ನಿಲ್ದಾಣದವರೆಗೆ ನಾನೇ ಮಾತಾಡುತ್ತಾ ಹೋದೆ. ಪದ್ಮಾಸನದ ಗಾಯ ಐವತ್ತು ವರ್ಷದ ಮೇಲೆ ಮತ್ತೆ ಬಿರಿದಿತ್ತು. ಆತನಿಗೆ ತಕ್ಕ ಉತ್ತರವೆಂದರೆ ಒಂದೇ, ಮುಂದಿನ ಸಲ ಇವಳ ಬಾಯಲ್ಲಿ ಒಂದು ಹಕಾರವೂ ತಪ್ಪಬಾರದು ಎಂದು ನಿಲ್ದಾಣದ ಬೆಂಚಿನ ಮೇಲೆ ಕುಳಿತೇ ತೀರ್ಮಾನಿಸಿದೆ. "ಶನಿವಾರ ಶನಿವಾರ ನಮ್ಮ ಮನೆಗೆ ಬಾ. ನಾನು ತಿದ್ದುತ್ತೇನೆ" ಎಂದೆ. ಅವಳು ತಲೆಯಾಡಿಸಿದಳು.

ಹಳೆಯ ಉತ್ತರಪತ್ರಿಕೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ಅವಳ ಬಾಯ ಮುಂದೆ ಹಿಡಿಯುತ್ತಿದ್ದೆ. ಹಕಾರ ಸರಿಯಾಗಿ ಬಂದರೆ ಕಾಗದ ಅಲುಗಬೇಕು. ಹಾಲು, ಹಗ್ಗ, ಹೊಳೆ, ಹಾಸನ. ನಾನು ಬಚ್ಚಲಲ್ಲಿ ಕಲಿತ ಅದೇ ಪಾಠ. ಅಲುಗದಿದ್ದರೆ "ಇನ್ನೊಮ್ಮೆ." ಅಲುಗಿದರೂ "ಇನ್ನೊಮ್ಮೆ." ನಾಲ್ಕನೆಯ ಶನಿವಾರದ ಹೊತ್ತಿಗೆ ಹಕಾರ ಬಂತು, ಬೇಡದಲ್ಲೂ ಬಂತು. ಆಲೂಗಡ್ಡೆ 'ಹಾಲೂಗಡ್ಡೆ'ಯಾಯಿತು, ಅಂಗಮಾರಿ 'ಹಂಗಮಾರಿ'ಯಾಯಿತು. ಐದನೆಯ ಶನಿವಾರ ಅವಳು ಆರ್‌ಎನ್‌ಎಯನ್ನು 'ಹಾರ್‌ಎನ್‌ಎ' ಎಂದಾಗ ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು ಎಂದು ನಾನು ಭಾವಿಸಿದೆ.

ಏಳನೆಯ ಶನಿವಾರ ಅವಳು ಬರಲಿಲ್ಲ. ಫೋನು ಮಾಡಿದರೆ, "ಬಸ್ಸು ಸಿಕ್ಕಿಲ್ಲ ಮೇಡಂ" ಎಂದಳು. ಅರಕಲಗೂಡಿನಿಂದ ಹಾಸನಕ್ಕೆ ಅಂದು ಎಲ್ಲ ಬಸ್ಸೂ ಬಂದಿತ್ತು, ನಾನು ವಿಚಾರಿಸಿದೆ. ಎಂಟನೆಯ ಶನಿವಾರವೂ ಬರಲಿಲ್ಲ. ಇಷ್ಟು ಶ್ರಮಪಟ್ಟವಳಿಗೆ ಇದೇ ಮರ್ಯಾದೆಯೇ ಎಂದುಕೊಂಡು, ಇದನ್ನೂ ನೆನಪಿನಲ್ಲಿ ಗುರುತು ಹಾಕಿಟ್ಟುಕೊಂಡೆ. ಪರೀಕ್ಷೆಗೆ ಇನ್ನೊಂದೇ ತಿಂಗಳಿತ್ತು.

ಮುಂದಿನ ಬುಧವಾರ ಮುಂಚಿತವಾಗಿ ತಿಳಿಸದೆ ಅರಕಲಗೂಡಿಗೆ ಹೋದೆ. ಬೈಯಲೆಂದೇ ಹೋದದ್ದು, ಬಸ್ಸಿನಲ್ಲಿ ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಕಾಲೇಜಿನ ಹಿಂಬದಿಯ ಕೊಠಡಿಯಿಂದ ಅವಳ ದನಿ ಕೇಳಿತು. ಕಿಟಕಿಯ ಪಕ್ಕ ಜಗಲಿಯಲ್ಲಿ ನಿಂತೆ.

ಕಪ್ಪುಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಹಾವಿನ ಚಿತ್ರ. "ಫೈಲ್ ಅಂದ್ರೆ ಒಂದು ಕೇರೆ ಆವು ಅನ್ಕಳಿ" ಎನ್ನುತ್ತಿದ್ದಳು. "ಉದ್ದಕ್ಕೆ ಮಲಗದೆ. ಪೂರ್ತಿ ನೋಡಾಕೆ ಓದ್ರೆ ಒತ್ತು ಮುಳುಗ್ತದೆ. ಅದ್ಕೆ ತಲೆ ನೋಡಿ, ಬಾಲ ನೋಡಿ. ಈಗ ನಾನು 'ತಲೆ' ಅಂದ್ರೆ ನೀವು ಏನ್ ಬರೀಬೇಕು?" ಹಾವಿನ ತಲೆಯ ಕೆಳಗೆ ಇಂಗ್ಲಿಷಿನ ನಾಲ್ಕು ಅಕ್ಷರಗಳಿದ್ದವು. "ನಾಕಕ್ಸರ. ಎಣುಸ್ಕಳಿ. ಮೊದ್ಲು ಎಚ್ಚು."

"ಎಚ್ಚು ಅಂದ್ರೆ ಎಷ್ಟು ಎಚ್ಚು ಮಿಸ್?" ಎಂದ ಒಬ್ಬ ತುಂಟ. ನಮ್ಮ ಬಾಯಲ್ಲಿ ಹೆಚ್ಚು ಎಂಬುದೂ ಎಚ್ಚೇ.

"ಒಂದೇ ಕಣ್ಲಾ, ಜಾಸ್ತಿ ಬ್ಯಾಡ. ನೋಡ್ರಿ, ಎಚ್ಚು ಬಾಯಲ್ಲಿ ಬರ್ದೇ ಓದ್ರೂ ಚಿಂತೆ ಇಲ್ಲ. ಬೆರಳಲ್ಲಿ ಬರ್ಬೇಕು."

ಆಮೇಲೆ ಅವಳು ಮಾಡಿದ್ದು ನಾನು ಎಂದೂ ಕಾಣದ ಕೆಲಸ. "ಈಗ ಬೇಕಂತ್ಲೇ ತಪ್ಪು ಮಾಡಿ. ಎಚ್ಚೂ ಬುಡಿ, ಎ-ನೂ ಬುಡಿ. ಇ, ಡಿ, ಫೈಲ್ ಎಸ್ರು. ಒಡೀರಿ ಎಂಟರ್. ನಂಬ್ರ ಬಂತಾ? ಅದು ಫೈಲಲ್ಲಿ ಎಷ್ಟು ಅಕ್ಸರ ಅವೆ ಅಂತ ಎಣುಸಿ ಏಳ್ತಾ ಅದೆ. ಎಡ್ ಅಂತಾನೂ ಒಂದು ಅದೆ ಕಣ್ರಪ್ಪಾ ಇದ್ರೊಳ್ಗೆ, ಬಾಳ ಅಳೇದು. ಫೈಲ್ ತಿದ್ದಾಕೆ ಇರೋದು. ಅದ್ಕೆ ಮಾತು ಕಮ್ಮಿ. ಅರ್ತ ಆಗ್ದಿದ್ರೆ ಪ್ರಶ್ನೆ ಆಕ್ತದೆ, ಅಷ್ಟೆಯಾ. ಎದರ್ಕಬ್ಯಾಡಿ. ಕ್ಯೂ ಅಂತ ಬರ್ದು ಎಂಟರ್ ಒಡೀರಿ. ಓಯ್ತಾ? ಓಯ್ತು."

ಹೋಯಿತು. ಹೊಳೆನರಸೀಪುರದಲ್ಲಿ ಯಂತ್ರ ಕೆಟ್ಟಿರಲಿಲ್ಲ, ಯಾರೂ ಅರ್ಥವಿಲ್ಲದ್ದನ್ನು ಬರೆದಿರಲಿಲ್ಲ. ಎಡ್ ಎಂಬುದು ನಿಜವಾಗಿ ಅದರೊಳಗಿತ್ತು, ಕರೆದಾಗ ಬಂದು ಕಾದಿತ್ತು. ಅದನ್ನು ಹೊರಗೆ ಕಳಿಸುವ ಒಂದಕ್ಷರ ತಜ್ಞರಿಗೂ ಗೊತ್ತಿರಲಿಲ್ಲ. ನನಗಂತೂ ಏನೂ ಗೊತ್ತಿರಲಿಲ್ಲ. ಇವಳು ಅಂದು ಮನೆಗೆ ಹೋಗುವ ಬಸ್ಸಿನಲ್ಲೇ ಫೋನಿನಲ್ಲಿ ಹುಡುಕಿ ಓದಿಕೊಂಡಿದ್ದಳೆಂದು ಆಮೇಲೆ ತಿಳಿಯಿತು. ನನ್ನ ಆರು ಶನಿವಾರಗಳಲ್ಲಿ ಅದನ್ನು ಹೇಳಲು ನಾನು ಅವಳಿಗೆ ಅವಕಾಶ ಕೊಟ್ಟಿರಲಿಲ್ಲ. ಬಾಯಿ ಬಿಟ್ಟಾಗಲೆಲ್ಲ ಅದರ ಮುಂದೆ ಕಾಗದದ ಪಟ್ಟಿ ಹಿಡಿದಿದ್ದೆ.

ತರಗತಿ ಮುಗಿದ ಮೇಲೆ ಅವಳು ನನ್ನನ್ನು ಕಂಡು ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಜೋಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದು ಮಾತ್ರ ನನ್ನ ಬಾಯಿಂದ ಹೊರಟಿತು. "ಬಸ್ಸು ಸಿಕ್ಕಲಿಲ್ಲ ಎಂದೆಯಲ್ಲ?"

ಅವಳು ತಲೆಯೆತ್ತಿ ಹೇಳಿದಳು: "ಬಸ್ಸು ಇತ್ತು ಮೇಡಂ. ಬೇಜಾರ್ ಮಾಡ್ಕಬೇಡಿ. ಅವ್ರು ನಗಾಡಿದ್ದು ಒಂದಿನ. ನೀವು ಆರು ಸನಿವಾರ."

ಅವಮಾನಗಳನ್ನು ಮರೆಯದವಳು ಎಂದು ನಾನು ಆರಂಭದಲ್ಲೇ ಹೇಳಿದೆ. ನನಗಾದವುಗಳ ಲೆಕ್ಕವಷ್ಟೇ ನನ್ನ ಬಳಿ ಇತ್ತು ಎಂಬುದು ಆ ಜಗಲಿಯಲ್ಲಿ ತಿಳಿಯಿತು. ಹಸಿರು ರಿಬ್ಬನ್ನಿನ ಹುಡುಗಿಯನ್ನು ಐವತ್ತು ವರ್ಷ ಬೈದುಕೊಂಡು ಬಂದವಳು, ನನ್ನದೇ ಮನೆಯ ನಡುಮನೆಯಲ್ಲಿ, ಕಾಫಿ ಕೊಟ್ಟು, ಆ ಹುಡುಗಿಯದೇ ಜಾಗದಲ್ಲಿ ಕುಳಿತಿದ್ದೆ. ಆ ಶನಿವಾರ ಹಾರ್‌ಎನ್‌ಎಗೆ ಅರಕಲಗೂಡಿನವಳು ನಕ್ಕಿರಲಿಲ್ಲ.

ಕ್ಷಮಿಸು ಎಂಬ ಪದ ಅಂದು ನನ್ನ ಬಾಯಿಗೆ ಬರಲಿಲ್ಲ. ಅದರ ಬದಲು ಮೈಸೂರಿನ ಕಥೆ ಹೇಳಿದೆ, ಬಚ್ಚಲ ನಲ್ಲಿಯ ಸಮೇತ. ಯಾರಿಗೂ ಹೇಳಿರದ ಕಥೆ. ಪದ್ಮಾಸನದ ಹತ್ತಿರ ಬಂದಾಗ ಅವಳು ತುಟಿ ಕಚ್ಚಿ ತಡೆದುಕೊಂಡಳು, ವಜ್ರಾಸನಕ್ಕೆ ತಡೆಯಲಾಗದೆ ನಕ್ಕುಬಿಟ್ಟಳು. ಆಶ್ಚರ್ಯವೆಂದರೆ ನನಗೂ ನಗು ಬಂತು.

"ಅಂಗಾರೆ ನೀವೂ ನಮ್ಮೋರೆಯಾ" ಎಂದಳು.

"ಇನ್ನು ಶನಿವಾರ ನೀನು ಬರಬೇಡ" ಎಂದೆ. "ಬುಧವಾರ ನಾನೇ ಬರುತ್ತೇನೆ. ಹಿಂದಿನ ಬೆಂಚಿನಲ್ಲಿ ಜಾಗ ಇಟ್ಟಿರು."

ಆ ಒಂದು ತಿಂಗಳು ನಾವು ಬೇರೆಯೇ ಕೆಲಸ ಮಾಡಿದೆವು. ಅವಳ ಪಾಠಗಳನ್ನು ನಾನು ಕನ್ನಡದಲ್ಲಿ ಹದಿನಾರು ಪುಟಕ್ಕೆ ಬರೆದೆ. ಪ್ರತಿ ಆಜ್ಞೆಗೂ ಒಂದು ಕನ್ನಡ ಹೆಸರು, ಅದರ ಪಕ್ಕದಲ್ಲಿ ಬೆರಳು ಬರೆಯಬೇಕಾದ ಇಂಗ್ಲಿಷ್ ಅಕ್ಷರಗಳು, ತಪ್ಪಿದರೆ ಯಂತ್ರ ಏನೆನ್ನುತ್ತದೆ, ಆಗ ಏನು ಮಾಡಬೇಕು. ಇಂಟರ್‌ನೆಟ್ಟನ್ನು ನೆಚ್ಚದೆ ಬೇಕಾದ ಫೈಲುಗಳನ್ನೆಲ್ಲ ಹನ್ನೆರಡೂ ಲ್ಯಾಪ್‌ಟಾಪಿಗೆ ಮೊದಲೇ ತುಂಬಿದೆವು. ನಾಲ್ಕೂ ಊರಿನ ತರಗತಿ ಮೂರೂಕಾಲಿಗೆ ಮುಗಿಯಬೇಕೆಂದು ನಿಶ್ಚಯಿಸಿದೆವು. ಒಂದು ಊರಿನಲ್ಲಿ ಕಲಿತು ಮುಗಿಸಿದವರು ಮುಂದಿನ ಊರಿನ ಮೊದಲ ಗಂಟೆಯ ಪಾಠ ತಾವೇ ಮಾಡಬೇಕು ಎಂಬ ನಿಯಮ ಅವಳದ್ದು. "ಕಲ್ತೋರು ಕಲುಸ್ದೆ ಓದ್ರೆ ನಾವೂ ಸಿಟಿಯೋರಂಗೆ ಜನಾನ ಕಾಯ್ಸೋರಾಗ್ತೀವಿ ಮೇಡಂ" ಎಂದಳು.

ಚನ್ನರಾಯಪಟ್ಟಣದಲ್ಲಿ ಆ ದಿನ ಕರೆಂಟು ಹೋಗಲಿಲ್ಲ. ತಜ್ಞರು ಹಿಂದಿನ ಸಾಲಿನ ಕೊನೆಯಲ್ಲಿ ಕುಳಿತರು, ನಾನು ಎರಡು ಕುರ್ಚಿ ಆಚೆ. ಅವಳು ಹಲಗೆಯ ಮೇಲೆ ಹಾವು ಬರೆದು, "ಇದು ಕೇರೆ ಆವು" ಎಂದಾಗ ಆತ ಕತ್ತೆತ್ತಿ ನನ್ನ ಕಡೆ ನೋಡಿದರು. ನಾನು ಹಲಗೆಯನ್ನೇ ನೋಡುತ್ತಿದ್ದೆ. ತಲೆ ಆಯಿತು, ಬಾಲ ಆಯಿತು. ಬೇಕೆಂದೇ ತಪ್ಪು ಮಾಡುವ ಪಾಠ ಬಂತು. ಹನ್ನೆರಡು ತೆರೆಗಳ ಮೇಲೆ ಸಂಖ್ಯೆ ಮೂಡಿತು.

ಆತನ ಪಕ್ಕದಲ್ಲಿದ್ದವಳು ನುಗ್ಗೇಹಳ್ಳಿಯಿಂದ ಬರುತ್ತಿದ್ದ ಒಬ್ಬ ಶಿಕ್ಷಕಿ. ಹಿಂದೆ ಬಸ್ಸಿಗೆಂದು ಎದ್ದು ಹೋದ ಐವರಲ್ಲಿ ಒಬ್ಬಳು. ಅವಳ ತೆರೆಯಲ್ಲಿ ಪ್ರಶ್ನಾರ್ಥಕ ಕಂಡು ಆತ ಸಹಾಯಕ್ಕೆಂದು ಕೈ ಚಾಚಿದರು. ಏನೋ ಒತ್ತಿದರು. ಪ್ರಶ್ನಾರ್ಥಕ. ಇನ್ನೇನೋ ಒತ್ತಿದರು. ಪ್ರಶ್ನಾರ್ಥಕ. ಅವರ ಬೆರಳು ಅಭ್ಯಾಸಬಲದಿಂದ ಆರಿಸುವ ಗುಂಡಿಯ ಕಡೆಗೆ ಹೊರಟಿತು.

"ಬ್ಯಾಡಿ ಸಾ, ಆಪ್ ಮಾಡ್ಬ್ಯಾಡಿ" ಎಂದಳು ಆ ಶಿಕ್ಷಕಿ, ಹಸುಗೂಸಿನ ಕೈಯಿಂದ ಚಾಕು ಬಿಡಿಸುವ ದನಿಯಲ್ಲಿ. "ಕ್ಯೂ ಒಡೀರಿ."

"ಏನು?"

"ಕ್ಯೂ ಸಾ, ಕ್ಯೂ. ಬಾಲ ಇರೋ ಸೊನ್ನೆ ಅದೆಯಲ್ಲ, ಅದು. ಆಮೇಲೆ ಎಂಟರ್."

ಆತ ಒತ್ತಿದರು. ಎಡ್ ಹೊರಟುಹೋಯಿತು. ಆತ ಎದ್ದು ನಿಂತು ಪಾಠ ಮಾಡುತ್ತಿದ್ದವಳನ್ನು ಕೇಳಿದರು: "ಇದು ನಿಮಗೆ ಹೇಗೆ ಗೊತ್ತಾಯಿತು?"

"ಆವತ್ತು ನೀವು ಎಲ್ಲಾನೂ ಆಪ್ ಮಾಡುದ್ರಲ್ಲ ಸಾ, ಆಮೇಲೆ ಓದ್ಕಂಡೆ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ನಾನಾಗಿದ್ದರೆ ಇರುತ್ತಿತ್ತು.

ಮೂರೂಕಾಲಿಗೆ ತರಗತಿ ಮುಗಿಯಿತು, ನುಗ್ಗೇಹಳ್ಳಿಯವರು ಬಸ್ಸಿಗೆ ಹೋದರು. ತಜ್ಞರು ಖಾಲಿ ಕೊಠಡಿಯಲ್ಲಿ ಕುಳಿತು ವರದಿ ಬರೆದರು. ಮಾನ್ಯತೆ ಕೊಡಲಾಗಿದೆ, ಯಂತ್ರಗಳು ಸ್ಥಳದಲ್ಲೇ ಉಳಿಯಬಹುದು. ಹಾವಿನ ಚಿತ್ರದ ಫೋಟೊ ತೆಗೆದುಕೊಂಡು, ಬೇರೆ ಊರಿನ ತರಗತಿಗಳಲ್ಲಿ ಬಳಸಬಹುದೇ ಎಂದು ಅವಳ ಅನುಮತಿ ಕೇಳಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಬರ್ತೀನಿ ಮೇಡಂ. ಆ ಬಸ್ಸಿನ ವೇಳಾಪಟ್ಟಿ ನನಗೆ ತಲುಪಿತ್ತು. ಉತ್ತರ ಬರೀಬೇಕಿತ್ತು" ಎಂದರು. ಅಜ್ಜಿಯ ವಿಷಯ ಎತ್ತಲಿಲ್ಲ. ಆದರೆ ಮೇಡಂ ಎಂದದ್ದು ಅದೇ ಮೊದಲು, ಮತ್ತು ನಾನು ಅದನ್ನೂ ಮರೆಯುವವಳಲ್ಲ.

ಟ್ರಂಕುಗಳು ಈಗ ನಾಲ್ಕು ಊರುಗಳ ನಡುವೆ ತಿರುಗುತ್ತಿವೆ. ಚನ್ನರಾಯಪಟ್ಟಣದ ಮೊದಲ ಗಂಟೆಯ ಪಾಠ ಆ ನುಗ್ಗೇಹಳ್ಳಿಯ ಶಿಕ್ಷಕಿಯದು. ಹಾವಿನ ಬದಲು ಅವಳು ತೆಂಗಿನಗರಿ ಬರೆಯುತ್ತಾಳೆ. ಕಳೆದ ಮಳೆಗಾಲದಲ್ಲಿ ಕಟ್ಟಾಯದ ನಮ್ಮ ಹೊಲದಿಂದ ಅಂಗಮಾರಿ ತಗಲಿದ ಎಲೆಗಳನ್ನು ಅರಕಲಗೂಡಿನವಳು ಕಿತ್ತು, ಕಾಗದದಲ್ಲಿ ಸುತ್ತಿ, ನಾನು ಗಿಡ ಒಣಗಿಸುವ ಕ್ರಮದಲ್ಲೇ ಒಣಗಿಸಿ ಸಂಸ್ಥೆಗೆ ಕಳಿಸಿದಳು. ತಜ್ಞರೇ ಮುತುವರ್ಜಿಯಿಂದ ಅದರಲ್ಲಿದ್ದ ರೋಗಾಣುವಿನ ಅಕ್ಷರಗಳನ್ನು ಬಿಡಿಸಿ ಕಳಿಸಿದರು. ನಮ್ಮ ಟ್ರಂಕಿಗೆ ಬಂದ ಮೊದಲ ನಮ್ಮಟ್ಟಿ ಸಾಲು. ಅವಳು ಆ ಫೈಲಿಗೆ 'ಕಟ್ಟಾಯ' ಎಂದು ಹೆಸರಿಟ್ಟಿದ್ದಾಳೆ.

ಹೋದ ಬುಧವಾರ ಹಿಂದಿನ ಬೆಂಚಿನಲ್ಲಿ ಕುಳಿತು ಆ ಫೈಲು ತೆರೆಯಲು ಹೋದೆ. "ತಲೆ ನೋಡಿ" ಎಂದಳು ಅವಳು. ನನ್ನೂರಿನ ಹೆಸರು ಬರೆಯುವ ಸಡಗರವೋ, ಏನೋ, ಐವತ್ತು ವರ್ಷ ಬಾಯಲ್ಲಿ ತಪ್ಪದ್ದು ಅಂದು ನನ್ನ ಬೆರಳಲ್ಲಿ ತಪ್ಪಿತು. ಇ, ಡಿ, ಕಟ್ಟಾಯ. ಒಂದು ಸಂಖ್ಯೆ ಬಂತು, ಅದರ ಕೆಳಗೆ ಕತ್ತಲು. ಪಕ್ಕದವಳು ಇಣುಕಿ ನೋಡಿ, "ಮಿಸ್, ಮೇಡಮ್ಮೋರ್ದು ಎಡ್ ಆಗೋಯ್ತು!" ಎಂದು ಕೂಗಿದಳು. ಇಡೀ ತರಗತಿ ತಿರುಗಿ ನೋಡಿ ನಕ್ಕಿತು. ಯಾರು ಯಾರು ನಕ್ಕರೆಂದು ನಾನು ಗುರುತಿಟ್ಟುಕೊಳ್ಳಲಿಲ್ಲ.

ಬಾಲವಿರುವ ಸೊನ್ನೆಯನ್ನು ಹುಡುಕಿದೆ. ಕ್ಯೂ ಒಡುದೆ. ಈ 'ಒಡುದೆ'ಯನ್ನು ಹಕಾರ ಬಿಟ್ಟೇ ಬರೆದಿದ್ದೇನೆ. ಕರಡು ತಿದ್ದುವವರು ದಯವಿಟ್ಟು ತಿದ್ದಬಾರದು.